ಚಯಾಪಚಯದಲ್ಲಿ ಸಂಶೋಧಿಸಲು ಇನ್ನೇನು ಉಳಿದಿದೆ?

ಪ್ರಶ್ನೆ: ಜೀವರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಚಯಾಪಚಯ ಮತ್ತು ಮನುಷ್ಯರ ಕಾಯಿಲೆಗಳ ಕುರಿತು ಪಿಎಚ್.ಡಿ. ಮಾಡುವ ಆಸೆಯಿದೆ. ಆದರೆ ಆ ವಿಷಯದಲ್ಲಿ ಎಲ್ಲವನ್ನೂ ಆಗಲೇ ಕಂಡುಹಿಡಿದಾಗಿದೆ ಎನ್ನುತ್ತಾರೆ. ನಿಜವಾಗಿಯೂ ಅವಕಾಶವಿದೆಯೇ? ಅದಕ್ಕೆ ವೈದ್ಯಕೀಯ ಪದವಿಯೂ ಬೇಕೇ?

ಉತ್ತರ: ಚಯಾಪಚಯದಲ್ಲಿ, ಅಂದರೆ ಜೀವಕೋಶಗಳು ಆಹಾರವನ್ನು ಶಕ್ತಿಯಾಗಿಯೂ ತಮಗೆ ಬೇಕಾದ ವಸ್ತುಗಳಾಗಿಯೂ ಮಾರ್ಪಡಿಸುವ ಕ್ರಿಯೆಗಳಲ್ಲಿ, ಅವಕಾಶ ಧಾರಾಳವಾಗಿ ಇದೆ. ಈ ಉತ್ತರವನ್ನು ಎಷ್ಟು ಬಾರಿ ಬರೆದಿದ್ದೇನೋ, ಲೆಕ್ಕವಿಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಆದರೂ ಪ್ರಶ್ನೆ ಮರಳಿ ಬರುತ್ತಲೇ ಇರುತ್ತದೆ, ಏಕೆಂದರೆ ಅದರ ಹಿಂದಿರುವ ತಪ್ಪು ತಿಳಿವಳಿಕೆ ತರಗತಿಯಲ್ಲೇ ಬೇರೂರಿರುತ್ತದೆ. ಆಹಾರದಿಂದ ಜೀವಕೋಶ ಶಕ್ತಿ ಪಡೆಯುವ ಕ್ರಿಯೆಗಳ ಸರಣಿಯಾದ ಕ್ರೆಬ್ಸ್ ಚಕ್ರವನ್ನು ಹ್ಯಾನ್ಸ್ ಕ್ರೆಬ್ಸ್ ಮಂಡಿಸಿದ್ದು 1937ರಲ್ಲಿ, ಅದಕ್ಕೆ ನೊಬೆಲ್ ಬಂದದ್ದು 1953ರಲ್ಲಿ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದವರಿಗೆ ಇಡೀ ಶಾಸ್ತ್ರವೇ ಮುಗಿದ ಅಧ್ಯಾಯದಂತೆ ಕಾಣುವುದು ಸಹಜ.

ಪಠ್ಯಪುಸ್ತಕದ ಚಿತ್ರದಲ್ಲಿರುವ ಒಂದೇ ಒಂದು ಬಾಣವನ್ನು ನೋಡಿ. ಗ್ಲುಕೋಸ್ ಒಡೆದು ಉಂಟಾದ ಪೈರುವೇಟ್, ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯದ ಒಳಗೆ ಹೋಗುತ್ತದೆ ಎಂದು ಗೆರೆ ಎಳೆದು ತೋರಿಸುತ್ತಾ ಬಂದಿದ್ದೇವೆ. ಆದರೆ ಅದನ್ನು ಒಳಗೆ ಬಿಡುವ ಪ್ರೋಟೀನನ್ನು ತಯಾರಿಸುವ ವಂಶವಾಹಿಗಳು ಯಾವುವೆಂಬುದು ತಿಳಿದದ್ದು 2012ರಲ್ಲಿ. ಈ ಕ್ರಿಯೆಗಳಲ್ಲಿ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ಎನ್‌ಎಡಿ ಎಂಬ ಅಣು ಮೈಟೊಕಾಂಡ್ರಿಯವನ್ನು ಪ್ರವೇಶಿಸುವ ಬಾಗಿಲು ಸಸ್ತನಿಗಳಲ್ಲಿ ಪತ್ತೆಯಾದದ್ದು 2020ರಲ್ಲಿ. ಬಾಣವನ್ನು ಎಳೆಯುವುದು ಬೇರೆ, ಆ ಬಾಣ ಜೀವಕೋಶದಲ್ಲಿ ಹೇಗೆ ನಡೆಯುತ್ತದೆಂದು ಅರಿಯುವುದು ಬೇರೆ.

ಇನ್ನು ಕಾಯಿಲೆಯ ವಿಷಯಕ್ಕೆ ಬನ್ನಿ. ಅದೇ ಚಕ್ರದಲ್ಲಿ ನೀವೆಲ್ಲ ಓದಿದ ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವಕ್ಕೆ ಒಂದು ಸೋದರ ಕಿಣ್ವವಿದೆ. ಅದು ಮೈಟೊಕಾಂಡ್ರಿಯದ ಹೊರಗೆ, ಕೋಶರಸದಲ್ಲಿ ಕೆಲಸ ಮಾಡುತ್ತದೆ. ಮೆದುಳಿನ ಕೆಲವು ಗಡ್ಡೆಗಳಲ್ಲಿ ಅದರ ವಂಶವಾಹಿ ಬದಲಾಗಿರುತ್ತದೆಂದು 2008ರಲ್ಲಿ ತಿಳಿಯಿತು. ಬದಲಾದ ಕಿಣ್ವ ಕೇವಲ ಕೆಟ್ಟು ಕುಳಿತಿರುವುದಿಲ್ಲ, 2-ಹೈಡ್ರಾಕ್ಸಿಗ್ಲುಟರೇಟ್ ಎಂಬ, ಸಹಜವಾಗಿ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಇರಬೇಕಾದ ವಸ್ತುವನ್ನು ರಾಶಿ ರಾಶಿಯಾಗಿ ತಯಾರಿಸುತ್ತದೆ ಎಂಬುದು ಮರುವರ್ಷ ಗೊತ್ತಾಯಿತು. ಆ ವಸ್ತುವು ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಅಳಿಸುವ ಕಿಣ್ವಗಳನ್ನು ತಡೆದು, ಜೀವಕೋಶ ಬಲಿಯುವುದನ್ನೇ ನಿಲ್ಲಿಸಿಬಿಡುತ್ತದೆ. ಇದೇ ದೋಷವಿರುವ ಒಂದು ಬಗೆಯ ರಕ್ತಕ್ಯಾನ್ಸರಿಗೆ, ಆ ಕಿಣ್ವವನ್ನೇ ಗುರಿಯಾಗಿಸಿಕೊಂಡ ಐವೊಸಿಡೆನಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಪತ್ತೆಯಿಂದ ಔಷಧದವರೆಗೆ ಹತ್ತು ವರ್ಷ. ಇದನ್ನು ಮುಗಿದ ಅಧ್ಯಾಯವೆಂದು ಯಾರಾದರೂ ಕರೆದರೆ ನನಗೆ ಸುಮ್ಮನಿರಲು ಆಗುವುದಿಲ್ಲ. 1950ರ ದಶಕದಿಂದ ಮಧುಮೇಹಿಗಳು ನುಂಗುತ್ತಿರುವ ಮೆಟ್‌ಫಾರ್ಮಿನ್ ಸಕ್ಕರೆಯನ್ನು ಹೇಗೆ ಇಳಿಸುತ್ತದೆ ಎಂಬುದರ ಮೇಲೆ ಇಂದಿಗೂ ತಜ್ಞರಲ್ಲಿ ಒಮ್ಮತವಿಲ್ಲ.

ವೈದ್ಯಕೀಯ ಪದವಿ ಬೇಕೇ ಎಂಬ ಉಪಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. ರೋಗಿಗಳ ಮಾದರಿಗಳನ್ನು ಒದಗಿಸಬಲ್ಲ ವೈದ್ಯರೊಡನೆ ನಂಟಿರುವ ಪ್ರಯೋಗಾಲಯ ಬೇಕು. ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಹಿನ್ನೆಲೆಯವರಿಗೂ ಇಲ್ಲಿ ಕೈತುಂಬ ಕೆಲಸವಿದೆ.

ಆ ಕೆಲಸದ ಸ್ವರೂಪ ಹೀಗಿರುತ್ತದೆ. ಆರೂ ಇಂಗಾಲಗಳು, ಸಾಮಾನ್ಯ ಇಂಗಾಲಕ್ಕಿಂತ ಒಂದು ಘಟಕ ಭಾರವಾದ ಇಂಗಾಲ-13 ಆಗಿರುವ ಗ್ಲುಕೋಸನ್ನು ಜೀವಕೋಶಗಳಿಗೆ ಉಣಿಸಿ, ನಿಗದಿತ ಹೊತ್ತಿಗೆ ಕೊರೆಯುವಷ್ಟು ತಣ್ಣನೆಯ ಮೆಥನಾಲ್ ಸುರಿದು ಎಲ್ಲವನ್ನೂ ತಟ್ಟನೆ ನಿಲ್ಲಿಸಬೇಕು. ಕೆಲವು ಸೆಕೆಂಡು ತಡವಾದರೂ ಜೀವಕೋಶದ ಶಕ್ತಿವಾಹಕವಾದ ಎಟಿಪಿಯಂಥವುಗಳ ಪ್ರಮಾಣ ಬದಲಾಗಿಬಿಡುತ್ತದೆ. ಬಳಿಕ ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ, ಕ್ರೆಬ್ಸ್ ಚಕ್ರದ ಒಂದು ವಸ್ತುವಾದ ಸಿಟ್ರೇಟಿನ ತೂಕ ನೋಡುತ್ತೀರಿ. ಅದು ಎರಡು ಘಟಕ ಹೆಚ್ಚಿದ್ದರೆ ಪೈರುವೇಟ್ ಅಸಿಟೈಲ್ ಕೋಎ ಎಂಬ ವಸ್ತುವಾಗಿ, ಎರಡು ಇಂಗಾಲಗಳನ್ನು ಮಾತ್ರ ಹೊತ್ತು ಚಕ್ರವನ್ನು ಸೇರಿದೆ ಎಂದು ಊಹಿಸಬಹುದು. ಮೂರು ಹೆಚ್ಚಿದ್ದರೆ ಅದರ ಮೂರೂ ಇಂಗಾಲಗಳು ಆಕ್ಸಲೋಅಸಿಟೇಟ್ ಎಂಬ ವಸ್ತುವಾಗಿ, ಬೇರೊಂದು ದಾರಿಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಗಡ್ಡೆಯ ಕೋಶವೂ ಆರೋಗ್ಯವಂತ ಕೋಶವೂ ಒಂದೇ ಸಕ್ಕರೆಯನ್ನು ಬೇರೆ ಬೇರೆ ದಾರಿಯಲ್ಲಿ ಸಾಗಿಸುವುದನ್ನು ಹೀಗೆ ಮೊದಲ ಬಾರಿ ಕಂಡ ವಿದ್ಯಾರ್ಥಿಯ ಮುಖ ನೋಡುವುದು ನನಗೆ ಇಂದಿಗೂ ಅಚ್ಚುಮೆಚ್ಚು.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಸಂದರ್ಶನಕ್ಕೆ ಹೋದಾಗ, ಇಲಿಗಳನ್ನು ಯಾವ ಉಷ್ಣಾಂಶದಲ್ಲಿ ಸಾಕುತ್ತೀರಿ ಎಂದು ಮಾರ್ಗದರ್ಶಕರನ್ನು ವಿನಯದಿಂದ ಕೇಳಿ. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ. ಅದು ತಿಂದದ್ದರಲ್ಲಿ ಗಣನೀಯ ಪಾಲು ಮೈ ಬಿಸಿ ಇಟ್ಟುಕೊಳ್ಳುವುದಕ್ಕೇ ಹೋಗುತ್ತದೆ. ಅದಕ್ಕೆ ಹಿತವಾದದ್ದು ಸುಮಾರು 30 ಡಿಗ್ರಿ. ಕಂದು ಕೊಬ್ಬಿನಲ್ಲಿ ಶಾಖ ಹುಟ್ಟಿಸುವ ಯುಸಿಪಿ1 ಪ್ರೋಟೀನನ್ನು ತೆಗೆದುಹಾಕಿದ ಇಲಿಗಳು ಸಾಮಾನ್ಯ ಕೊಠಡಿಯಲ್ಲಿ ದಪ್ಪಗಾಗಲಿಲ್ಲವಾದ್ದರಿಂದ, ಬೊಜ್ಜಿಗೂ ಆ ಪ್ರೋಟೀನಿಗೂ ಸಂಬಂಧವಿಲ್ಲವೆಂದು ತೋರುತ್ತಿತ್ತು. ಅವನ್ನೇ ಬೆಚ್ಚಗಿನ ಕೊಠಡಿಯಲ್ಲಿಟ್ಟು ನೋಡಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು: ಅವು ದಪ್ಪಗಾದವು.