ಉಳಿ ಒರೆಸಿದ್ದು ಸಾಕು, ಕಿಟಕಿ ತೆಗೆಯಿರಿ

2021ರ ಜನವರಿಯಲ್ಲಿ ಗೊಂಬೆ ಕೆಲಸ ಕಲಿಯಲು ಕೊಪ್ಪಳದ ಹತ್ತಿರ ಕಿನ್ನಾಳಕ್ಕೆ ಹೋಗಿದ್ದೆ. ಎಂಟು ಜನ ಇದ್ದೆವು. ಕೈಗೆ ಸ್ಯಾನಿಟೈಸರ್, ಉಳಿಗೆ ಸ್ಯಾನಿಟೈಸರ್, ಕೊಡತಿಗೂ ಸ್ಯಾನಿಟೈಸರ್. ಆಮೇಲೆ ಎಲ್ಲರೂ ಒಂದು ಸಣ್ಣ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಹಸಿ ಬಣ್ಣದ ಮೇಲೆ ದೂಳು ಕೂರಬಾರದು ಅಂತ ಕಿಟಕಿ ಮುಚ್ಚಿದ್ದರು.

ಉಳಿಯಿಂದ ಕೊರೊನಾ ಬರುವುದು ತೀರಾ ಅಪರೂಪ. ವೈರಸ್ ಅಂಟಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ 10,000ಕ್ಕೆ 1ಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲೇ ಹೇಳಿತು. ಕೈ ತೊಳೆಯಿರಿ, ಒಳ್ಳೆಯದೇ. ಆದರೆ ಭಯ ಪಡಬೇಕಾದದ್ದು ಮುಚ್ಚಿದ ಕೋಣೆಯ ಗಾಳಿಗೆ.

ಆ ಕೋಣೆಯಲ್ಲಿ ಬೆಳಕಿಂಡಿಯಿಂದ ಬಿಸಿಲ ಕೋಲು ಇಳಿದಿತ್ತು. ಉಳಿ ಏಟಿಗೆ ಚಕ್ಕೆ ಟಪ್ ಅಂತ ನೆಲಕ್ಕೆ ಬೀಳುತ್ತಿತ್ತು. ಮರಳು ಕಾಗದದಲ್ಲಿ ಉಜ್ಜಿದಾಗ ಎದ್ದ ಪುಡಿ ಮಾತ್ರ ಬಿಸಿಲಲ್ಲಿ ತೇಲುತ್ತಲೇ ಇತ್ತು. ಕಣದಲ್ಲಿ ಜೋಳ ತೂರುವಾಗಲೂ ಹೀಗೇ ಅಲ್ವಾ? ಕಾಳು ಕಾಲ ಬುಡದಲ್ಲಿ, ಹೊಟ್ಟು ಪಕ್ಕದವರ ಹೊಲದಲ್ಲಿ. ಬಾಯಿಂದ ಬರುವ ಹನಿಗಳ ಕತೆಯೂ ಅದೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. 100 ಮೈಕ್ರಾನಿನ ಹನಿ ಮುಖದ ಎತ್ತರದಿಂದ ಐದಾರು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 5 ಮೈಕ್ರಾನಿನದಕ್ಕೆ ಅರ್ಧ ಗಂಟೆ ಬೇಕು. 1 ಮೈಕ್ರಾನಿನದು ಅಲುಗದ ಗಾಳಿಯಲ್ಲೂ ಸುಮಾರು 12 ಗಂಟೆ ಇಳಿಯುತ್ತಿರುತ್ತದೆ. ಗಾತ್ರ ಹತ್ತರಲ್ಲಿ ಒಂದು ಪಾಲಾದರೆ ಬೀಳುವ ವೇಗ ನೂರರಲ್ಲಿ ಒಂದು ಪಾಲಾಗುತ್ತದೆ, ಅದಕ್ಕೇ ಇಷ್ಟು ಅಂತರ. ಒಗ್ಗರಣೆಯ ಘಾಟು ಅಡುಗೆಮನೆಯಿಂದ ಪಡಸಾಲೆಗೆ ಬಂದ ಹಾಗೆ ಇವು ಕೋಣೆಯೆಲ್ಲ ಹರಡುತ್ತವೆ.

ಇದು ಹೊಸ ವಿಷಯವೂ ಅಲ್ಲ. ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ 1934ರಲ್ಲೇ ಬರೆದಿದ್ದರು: ಸಣ್ಣ ಹನಿ ಬೀಳುವ ಮೊದಲೇ ಒಣಗಿ ಗಾಳಿಯಲ್ಲಿ ಉಳಿಯುತ್ತದೆ. ಬೀಳುವ ಹನಿಗೂ ತೇಲುವ ಹನಿಗೂ ನಡುವೆ ಅವರು ಹಾಕಿದ ಗಡಿ 100 ಮೈಕ್ರಾನಿನ ಆಸುಪಾಸು. ಮುಂದೆ ವೈದ್ಯರ ಪುಸ್ತಕಗಳಲ್ಲಿ ಅದು 5 ಆಗಿಹೋಯಿತು. 2020ರ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಈ ರೋಗ ಗಾಳಿಯಿಂದ ಹರಡುವುದಿಲ್ಲ ಎಂದು ಸಾರಿತು. ಅದೇ ತಿಂಗಳ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಎರಡೂವರೆ ಗಂಟೆ ಹಾಡಿನ ಅಭ್ಯಾಸಕ್ಕೆ ಸೇರಿದ್ದರು. ಅವರಲ್ಲಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಇಷ್ಟಾದರೂ ನಮ್ಮ ಕಡೆ ಬಾಗಿಲಿಗೆ ಬೇವು ಕಟ್ಟಿದರು, ಮೂಗಿಗೆ ನಿಂಬೆರಸ ಬಿಟ್ಟುಕೊಂಡರು. ನಿಂಬೆರಸ ಉಸಿರಿನ ದಾರಿಗೆ ಇಳಿದರೆ ಜೀವಕ್ಕೇ ಅಪಾಯ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೈಕೆಲಸವನ್ನು ದೂರ ಕೂತು ಕಲಿಯಲಾಗದು, ನಿಜ. ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸಿದಾಗ ಹದ ಬಂತೋ ಇಲ್ಲವೋ ಅಂತ ಗುರುಗಳು ಬೆರಳಿಂದ ಒತ್ತಿಯೇ ನೋಡಬೇಕು. ಹತ್ತಿರ ಬರಲಿ, ಆದರೆ ಅಂಗಳದಲ್ಲಿ. ಕಲಸುವುದು, ಕೆತ್ತುವುದು, ಉಜ್ಜುವುದು ಎಲ್ಲ ಬೇವಿನ ಮರದ ಕೆಳಗೆ ನಡೆಯಲಿ. ಬಣ್ಣಕ್ಕೆ ಮಾತ್ರ ಒಳಗೆ, ಅದೂ ಇಬ್ಬಿಬ್ಬರೇ. ಕೊಡತಿ ಸದ್ದಿನ ಮೇಲೆ ಕೂಗಿ ಹೇಳಿಕೊಡಬೇಡಿ. ದನಿ ಏರಿದಷ್ಟೂ ಬಾಯಿಂದ ಹನಿ ಜಾಸ್ತಿ. ಮೊದಲು ಕೆಲಸ ನಿಲ್ಲಿಸಿ, ಆಮೇಲೆ ಮಾತಾಡಿ. ಉಜ್ಜುವವರು ದೂಳಿಗೆಂದು ಹಾಕುವ ಕವಾಟದ (ವಾಲ್ವ್ ಇರುವ) ಮಾಸ್ಕ್ ಬೇಡ. ಅದು ಒಳಗೆ ಬರುವ ಗಾಳಿಯನ್ನು ಸೋಸುತ್ತದೆ, ಹೊರಗೆ ಬಿಡುವ ಉಸಿರನ್ನು ಸೋಸುವುದಿಲ್ಲ.

ಫ್ಯಾನ್ ಇದೆಯಲ್ಲ ಅಂದರು ಗುರುಗಳು. ಊದಿನಕಡ್ಡಿ ಹಚ್ಚಿ ನೋಡೋಣ ಅಂದೆ. ಫ್ಯಾನ್ ಹಾಕಿದರೆ ಹೊಗೆ ಕೋಣೆಯಲ್ಲೇ ಗಿರಗಿರ ತಿರುಗಿತು, ಎಲ್ಲಿಗೂ ಹೋಗಲಿಲ್ಲ. ಕಿಟಕಿ ತೆಗೆದು ಎದುರಿನ ಹಿತ್ತಲ ಬಾಗಿಲನ್ನೂ ತೆಗೆದೆವು. ಹೊಗೆ ಬಾಗಿ, ದಾರದ ಹಾಗೆ ಎಳೆದುಕೊಂಡು, ಸೀದಾ ಹಿತ್ತಲಿಗೆ ಹೋಯಿತು. ಗುರುಗಳು ಎದ್ದು ಹಸಿ ಬಣ್ಣದ ಗೊಂಬೆಗಳ ಮೇಲೆ ಬುಟ್ಟಿ ಮುಚ್ಚಿದರು.