ಗ್ರಿಜ್ಲಿ ಕರಡಿ ಎದುರಾದರೆ ಸತ್ತಂತೆ ಮಲಗಿಬಿಟ್ಟರೆ ಸಾಕೇ?

ಪ್ರಶ್ನೆ: ಊರಿಂದ ಬಂದಿರುವ ಅಪ್ಪ-ಅಮ್ಮನನ್ನು ಕರೆದುಕೊಂಡು ಅಮೆರಿಕದ ರಾಷ್ಟ್ರೀಯ ಉದ್ಯಾನ ಯೆಲ್ಲೋಸ್ಟೋನ್‌ಗೆ ಹೊರಟಿದ್ದೇವೆ. ಕರಡಿ ಸತ್ತವರನ್ನು ಮುಟ್ಟುವುದಿಲ್ಲ ಎಂದು ಚಿಕ್ಕಂದಿನಲ್ಲಿ ಕೇಳಿದ್ದೇವೆ. ಗ್ರಿಜ್ಲಿ ಕಂಡರೆ ಉಸಿರು ಬಿಗಿಹಿಡಿದು ಮಲಗಿಬಿಡಬಹುದೇ?

ಕಂಡ ಕೂಡಲೇ ಮಲಗಬೇಡಿ. ಕರಡಿ ಮೈಮೇಲೆ ಬಿದ್ದಾಗ ಮಾತ್ರ ಮಲಗಬೇಕು. ಅದಕ್ಕೆ ಮುಂಚೆ ಮಾಡಬೇಕಾದ್ದು ಬಹಳಷ್ಟಿದೆ, ಜೀವ ಉಳಿಯುವುದು ಹೆಚ್ಚಾಗಿ ಅದರಿಂದಲೇ.

ಸತ್ತದ್ದನ್ನು ಕರಡಿ ಮುಟ್ಟುವುದಿಲ್ಲ ಎಂಬುದು ಕಥೆಯ ಮಾತಷ್ಟೇ. ಚಳಿಗಾಲ ತಡೆಯಲಾರದೆ ಸತ್ತ ಎಲ್ಕ್ ಎಂಬ ದೊಡ್ಡ ಜಿಂಕೆ ಮತ್ತು ಕಾಡುಕೋಣದಂಥ ಬೈಸನ್‌ಗಳ ಕಳೇಬರ, ಗುಹೆಯ ನಿದ್ದೆ ಮುಗಿಸಿ ಹೊರಬಂದ ಗ್ರಿಜ್ಲಿಗೆ ವಸಂತದ ಮುಖ್ಯ ಆಹಾರಗಳಲ್ಲೊಂದು. ತಿಂದು ಮಿಕ್ಕಿದ್ದರ ಮೇಲೆ ಮಣ್ಣು, ಕಸಕಡ್ಡಿ ಎಳೆದು ಮುಚ್ಚಿ, ಹತ್ತಿರದಲ್ಲೇ ಕಾವಲಿರುತ್ತದೆ. ಹಾಗಾಗಿ ಒಂದೇ ಕಡೆ ಕಾಗೆ ಜಾತಿಯ ಹಕ್ಕಿಗಳು ಗುಂಪುಗೂಡಿದ್ದರೆ, ಕೊಳೆತ ವಾಸನೆ ಬಂದರೆ, ಬಂದ ದಾರಿಯಲ್ಲೇ ಹಿಂತಿರುಗಿ.

ಸತ್ತಂತೆ ಬೀಳುವ ಉಪಾಯ ಫಲಿಸುವುದಕ್ಕೆ ಕಾರಣ ಬೇರೆ. ಗ್ರಿಜ್ಲಿ ಮನುಷ್ಯನ ಮೇಲೆ ಎರಗುವುದು ಬಹುಪಾಲು ತಿನ್ನುವುದಕ್ಕಲ್ಲ, ಹೆದರಿಕೆಯಿಂದ. ಅದೇ ಕಾಡಿನಲ್ಲಿರುವ ಅಮೆರಿಕದ ಕಪ್ಪು ಕರಡಿ ಮರಗಳ ನಡುವಿನ ಪ್ರಾಣಿ; ಗಾಬರಿಯಾದರೆ ಮರಿಗಳನ್ನು ಮರ ಹತ್ತಿಸುತ್ತದೆ. ಗ್ರಿಜ್ಲಿ ಬಯಲಿಗೆ ಒಗ್ಗಿದ್ದು. ಮುಂಗಾಲಿನ 5ರಿಂದ 10 ಸೆಂ.ಮೀ. ಉದ್ದದ ಉಗುರು, ಭುಜದ ಮೇಲೆ ಉಬ್ಬಿದ ಸ್ನಾಯುವಿನ ಗುಡ್ಡೆ, ಎರಡೂ ನೆಲ ಅಗೆಯಲು ಬಂದವು. ಬಯಲಲ್ಲಿ ಅಡಗಲು ಜಾಗವಿಲ್ಲ. ಎರಡು-ಮೂರು ವರ್ಷ ಬೆನ್ನಿಗೇ ಇರುವ ಮರಿಗಳನ್ನು ತಾಯಿ ನಿಂತು ಕಾದಾಡಿಯೇ ಉಳಿಸಿಕೊಳ್ಳಬೇಕು. ಎದುರಿಗಿರುವವನಿಂದ ಇನ್ನು ಅಪಾಯವಿಲ್ಲ ಅನ್ನಿಸಿದಾಗ ಅದು ಬಿಟ್ಟು ಹೋಗುತ್ತದೆ. ನಾವು ಅಲುಗಾಡದೆ ಬಿದ್ದು ತಿಳಿಸುವುದು ಇದನ್ನೇ.

ಇಲ್ಲೊಂದು ಎಚ್ಚರಿಕೆ. ಎರಡೂ ಕರಡಿಗಳು ಕಂದು ಬಣ್ಣದಲ್ಲೂ ಇರುತ್ತವೆ, ಬಣ್ಣ ನಂಬಬೇಡಿ. ಭುಜದ ಗುಡ್ಡೆ, ಒಳಬಾಗಿದ ಮುಖ, ಗಿಡ್ಡ ದುಂಡು ಕಿವಿ ಇದ್ದರೆ ಗ್ರಿಜ್ಲಿ. ಕಪ್ಪು ಕರಡಿ ಮೇಲೆ ಬಿದ್ದರೆ ಮಲಗಲೇಬಾರದು. ಕಲ್ಲು, ಕೋಲು, ಕೈಗೆ ಸಿಕ್ಕಿದ್ದರಲ್ಲಿ ಮುಖಕ್ಕೆ, ಮೂತಿಗೆ ಹೊಡೆಯಬೇಕು.

ಈಗ ಕ್ರಮ ನೋಡೋಣ. ಪಾರ್ಕಿನ ನಿಯಮದಂತೆ ಕರಡಿಯಿಂದ ಕನಿಷ್ಠ 100 ಗಜ, ಅಂದರೆ ಸುಮಾರು 91 ಮೀಟರ್ ದೂರವಿರಬೇಕು. ಮೂವರಾದರೂ ಜೊತೆಗಿದ್ದು, ತಿರುವುಗಳಲ್ಲಿ, ಹೊಳೆಯ ಸದ್ದಿರುವಲ್ಲಿ ಜೋರಾಗಿ ಮಾತಾಡುತ್ತ ನಡೆಯಿರಿ. ಎದುರಾದರೆ ಓಡಬೇಡಿ: ಅದು ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಓಡಬಲ್ಲದು, ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಬರುವ ಸ್ವಭಾವವೂ ಇದೆ. ಎರಡು ಕಾಲಮೇಲೆ ಎದ್ದು ನಿಂತರೆ ಅದು ನೋಡುತ್ತಿದೆ, ಮೂಸುತ್ತಿದೆ ಅಷ್ಟೇ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಬುಸುಗುಡುತ್ತ ಹಲ್ಲು ಕಟಕಟಿಸಿದರೆ ಕೆರಳಿದೆ ಎಂದರ್ಥ. ಮೆಲುದನಿಯಲ್ಲಿ ಮಾತಾಡುತ್ತ ನಿಧಾನವಾಗಿ ಹಿಂದೆ ಸರಿಯಿರಿ. ನುಗ್ಗಿ ಬಂದು ಹತ್ತಿರದಲ್ಲೇ ತಿರುಗಿಬಿಡುವ ಹುಸಿ ದಾಳಿಗಳೂ ಸಾಮಾನ್ಯ, ಆಗ ನಿಂತಲ್ಲೇ ನಿಲ್ಲಬೇಕು.

ನುಗ್ಗುವಾಗ ಕೈಯಲ್ಲಿರಬೇಕಾದ್ದು ಬೇರ್ ಸ್ಪ್ರೇ. ಮೆಣಸಿನ ಖಾರದ ಸತ್ವವಿರುವ ಇದು ಕನಿಷ್ಠ 225 ಗ್ರಾಮಿನ ಡಬ್ಬಿಯದ್ದಾಗಿರಲಿ. ಸುರಕ್ಷತಾ ಕ್ಲಿಪ್ ಕಿತ್ತು, ಕರಡಿ 9ರಿಂದ 18 ಮೀಟರ್ ದೂರದಲ್ಲಿರುವಾಗ, ತುಸು ಕೆಳಮುಖವಾಗಿ ಹೊಡೆಯಿರಿ. ಮೋಡದಂತೆ ಎದ್ದ ಖಾರದೊಳಗೇ ಅದು ನುಗ್ಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಡಬ್ಬಿ ಬೆನ್ನಿನ ಚೀಲದೊಳಗಿರುತ್ತದೆ. ಅದು ಸೊಂಟದಲ್ಲಿ ಅಥವಾ ಎದೆಯ ಪಟ್ಟಿಯಲ್ಲಿರಬೇಕು. ಸೊಳ್ಳೆ ಔಷಧಿಯಂತೆ ಮೈಗೆ, ಡೇರೆಗೆ ಬಳಿದುಕೊಳ್ಳಬಾರದು. ಒಣಗಿದ ಖಾರದ ವಾಸನೆಗೆ ಕರಡಿ ಹುಡುಕಿಕೊಂಡು ಬರಬಹುದು.

ಇಷ್ಟಾಗಿಯೂ ಗ್ರಿಜ್ಲಿ ಮೈಗೆ ತಾಗಿತು ಅನ್ನಿ. ಆಗ ಹೊಟ್ಟೆ ಅಡಿಯಾಗಿ ಬೋರಲು ಬಿದ್ದು, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಮಗುಚಿಹಾಕದಂತೆ ಕಾಲು ಅಗಲಿಸಿ. ಬೆನ್ನಿನ ಚೀಲ ಬಿಚ್ಚಬೇಡಿ, ಅದೇ ರಕ್ಷಣೆ. ಕೂಗಬೇಡಿ. ಕರಡಿ ಸರಿದು ಹೋದಮೇಲೂ ಹಲವು ನಿಮಿಷ ಹಾಗೇ ಇರಿ. ದೂರದಲ್ಲಿ ನಿಂತು ನೋಡುತ್ತಿರಬಹುದು, ಬೇಗ ಎದ್ದರೆ ಮತ್ತೆ ಬರಬಹುದು. ಬಿಡದೆ ಕಚ್ಚುತ್ತಲೇ ಇದ್ದರೆ, ಹೊಂಚುಹಾಕಿ ಹಿಂಬಾಲಿಸಿ ಬಂದದ್ದಾದರೆ, ರಾತ್ರಿ ಡೇರೆಗೆ ನುಗ್ಗಿದ್ದಾದರೆ ಅದು ಬೇಟೆ. ಆಗ ಸತ್ತಂತೆ ಬಿದ್ದರೆ ಸಾಯುವುದೇ, ಸರ್ವಶಕ್ತಿ ಹಾಕಿ ಹೊಡೆದಾಡಬೇಕು.

ಬೇರ್ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಪಾರ್ಕಿನ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ, ಅವಧಿ ಮುಗಿಯುವ ದಿನಾಂಕ ನೋಡಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸಿಡಿಯಬಹುದು. ನಡೆಯಲು ಹೊರಡುವ ಮುನ್ನ ಕ್ಲಿಪ್ ಎಲ್ಲಿದೆ, ಹೇಗೆ ಕೀಳುವುದು ಎಂದು ಅಪ್ಪ-ಅಮ್ಮನಿಗೂ ಒಮ್ಮೆ ತೋರಿಸಿಕೊಡಿ.