ಇದ್ದಿಲು, ಸೀಮೆಸುಣ್ಣ, ಪೈನ್ ಕಾಯಿಯ ಸಿಪ್ಪೆ

ಒಂದು ಮಿಲಿಲೀಟರ್ ರಕ್ತದ ಪ್ಲಾಸ್ಮಾದಲ್ಲಿ ಸುಮಾರು 70 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲೇ ಎಸ್ಟ್ರಡಯಾಲ್ ಹಾರ್ಮೋನ್ 100 ಪಿಕೋಗ್ರಾಂ ಇದೆ ಎಂದಿಟ್ಟುಕೊಳ್ಳಿ (ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಭಾಗ). ಹಾರ್ಮೋನಿಗಿಂತ ಪ್ರೋಟೀನ್ 70 ಕೋಟಿ ಪಟ್ಟು ಹೆಚ್ಚಾಯಿತು. ಜೊತೆಗೆ ಕೊಬ್ಬು, ಲವಣ ಬೇರೆ. ಇದನ್ನು ಹಾಗೇ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಟ್ಟರೆ ಬೇಕಾದ ಸಂಕೇತ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಉಪಕರಣದ ನಳಿಕೆಯೂ ಕಟ್ಟಿಕೊಳ್ಳುತ್ತದೆ. ಅಳೆಯುವ ಮೊದಲು ಆರಿಸಲೇಬೇಕು. ಆರಿಸುವ ಕೆಲಸ ಸಾರ್ಬೆಂಟ್‌ನದು: ಕೆಲವು ಅಣುಗಳನ್ನು ಮೈಗೆ ಅಂಟಿಸಿಕೊಂಡು, ಉಳಿದದ್ದನ್ನು ಹರಿಯಬಿಡುವ ವಸ್ತು.

ಮರದ ತೊಗಟೆ, ಹತ್ತಿ, ಕಾಯಿಸಿಪ್ಪೆಗಳನ್ನು ಈ ಕೆಲಸಕ್ಕೆ ಹಚ್ಚುವುದನ್ನು ಈಗ ಹೊಸ ಸಂಗತಿ ಎಂಬಂತೆ ಹೇಳಲಾಗುತ್ತಿದೆ. ನನಗೆ ಇದು ಹಳೆಯ ದಾರಿಗೆ ಮರಳಿದಂತೆ ಕಾಣುತ್ತದೆ. ಮೊದಲ ಸಾರ್ಬೆಂಟ್‌ಗಳೆಲ್ಲ ಪ್ರಕೃತಿಯಿಂದಲೇ ಬಂದವು.

1785ರಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ಲೊವಿಟ್ಸ್, ಕಂದು ತಿರುಗಿದ ಟಾರ್ಟಾರಿಕ್ ಆಮ್ಲದ ದ್ರಾವಣ ಇದ್ದಿಲು ಬೆರೆತಾಗ ತಿಳಿಯಾಗುವುದನ್ನು ಗಮನಿಸಿದ. 1903ರಲ್ಲಿ ವಾರ್ಸಾದಲ್ಲಿ ಮಿಖಾಯಿಲ್ ಸ್ವೆಟ್, ಎಲೆಯ ವರ್ಣಕಗಳನ್ನು ಬೇರ್ಪಡಿಸುವ ತನ್ನ ವಿಧಾನವನ್ನು ಮಂಡಿಸಿದ. ಕಿರಿದಾದ ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ಒತ್ತಿ ತುಂಬಿ, ಮೇಲಿನಿಂದ ಎಲೆಯ ಸಾರ ಸುರಿದರೆ ಹಸಿರು, ಹಳದಿ ಪಟ್ಟಿಗಳು ಒಂದರ ಕೆಳಗೊಂದು ಮೂಡುತ್ತಿದ್ದವು. 1906ರಲ್ಲಿ ಅವನೇ ಇದಕ್ಕೆ ಕ್ರೊಮಾಟೊಗ್ರಫಿ ಎಂದು ಹೆಸರಿಟ್ಟ.

ರಕ್ತದ ಪರೀಕ್ಷೆಗೂ ಇದ್ದಿಲು ಬಂತು. 1965ರಲ್ಲಿ ವಿಕ್ಟರ್ ಹರ್ಬರ್ಟ್ ಮತ್ತು ಸಂಗಡಿಗರು ಇನ್ಸುಲಿನ್ ಅಳೆಯಲು ಡೆಕ್ಸ್ಟ್ರಾನ್ ಎಂಬ ಸಕ್ಕರೆಯ ಸರಪಳಿಯನ್ನು ಲೇಪಿಸಿದ ಇದ್ದಿಲನ್ನು ಬಳಸಿದರು. ಹಾರ್ಮೋನನ್ನು ಹಿಡಿಯಲೆಂದು ಸೇರಿಸಿದ ಪ್ರತಿಕಾಯಕ್ಕೆ ಅಂಟಿದ ಹಾರ್ಮೋನ್ ದ್ರವದಲ್ಲೇ ಉಳಿಯುತ್ತದೆ, ಒಂಟಿಯಾಗಿ ತೇಲುವ ಹಾರ್ಮೋನ್ ಇದ್ದಿಲಿಗೆ ಹತ್ತುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಇದ್ದಿಲು ತಳಕ್ಕಿಳಿದು ಎರಡೂ ಬೇರೆಯಾಗುತ್ತವೆ. ಕಪ್ಪು ಪುಡಿಯೊಂದರಿಂದ ಇಷ್ಟು ನಾಜೂಕಿನ ಕೆಲಸ! ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪುಗಳಿಂದಾದ ಮಣ್ಣೂ ಬಳಕೆಗೆ ಬಂತು. ಮೂತ್ರ ಅದರ ಕಣಗಳ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ, ಆಮೇಲೆ ಹಾಯಿಸಿದ ದ್ರಾವಕ ಔಷಧದ ಅಂಶವನ್ನು ಹೊತ್ತು ಇಳಿಯುತ್ತದೆ.

ಹಾಗಾದರೆ ಇವು ಹಿಂದೆ ಸರಿದದ್ದೇಕೆ? ಒಂದೇ ಕಾರಣ: ಏಕರೂಪತೆ. 1978ರಲ್ಲಿ ವಾಟರ್ಸ್ ಕಂಪನಿ ಸೆಪ್-ಪ್ಯಾಕ್ ಎಂಬ, ಸಾರ್ಬೆಂಟ್ ತುಂಬಿದ ಪುಟ್ಟ ಕಾರ್ಟ್ರಿಜ್ ತಂದಿತು. ಸಿಲಿಕಾ ಕಣಗಳಿಗೆ 18 ಕಾರ್ಬನ್‌ಗಳ ಸರಪಳಿ ಕಟ್ಟಿದ ಸಿ18 ಪುಡಿ ಎಲ್ಲೆಡೆ ಹಬ್ಬಿತು. ಇಂದು ತೆರೆದ ಪೊಟ್ಟಣವೂ ಮುಂದಿನ ವರ್ಷದ್ದೂ ಬಹುಪಾಲು ಒಂದೇ ರೀತಿ ವರ್ತಿಸುತ್ತವೆ. ರೋಗಿಯ ವರದಿಗೆ ಸಹಿ ಹಾಕುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಬೆಲೆ ತೆತ್ತದ್ದು ಬೇರೆ ಕಡೆ: ತಯಾರಿಕೆಗೆ ದ್ರಾವಕಗಳು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್, ಕ್ಷಾರ ಹೆಚ್ಚಾದರೆ ಕರಗುವ ಸಿಲಿಕಾ.

1990ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಆರ್ಥರ್ ಮತ್ತು ಪಾವ್ಲಿಷಿನ್ ಲೇಪನ ಹಚ್ಚಿದ ಎಳೆಯೊಂದನ್ನೇ ಮಾದರಿಗೆ ಅದ್ದುವ ವಿಧಾನ ತೋರಿಸಿದರು. 1998ರಲ್ಲಿ, ತ್ಯಾಜ್ಯ ಮತ್ತು ವಿಷಕಾರಿ ವಸ್ತುಗಳನ್ನು ತಗ್ಗಿಸಲೆತ್ನಿಸುವ ಹಸಿರು ರಸಾಯನಶಾಸ್ತ್ರದ 12 ತತ್ವಗಳು ಹೊರಬಂದವು. ಎಳೆಗೆ ಹಚ್ಚಬೇಕಾದದ್ದು ಚಿಟಿಕೆ ಪುಡಿ ಮಾತ್ರ. ಅದು ಸಸ್ಯದ್ದೇ ಏಕಾಗಬಾರದು?

2013ರಲ್ಲಿ ಬ್ರೆಜಿಲ್‌ನ ಸಂಶೋಧಕರು ಕಾರ್ಕ್ ಎಂಬ ಓಕ್ ತೊಗಟೆಯ ಪುಡಿಯನ್ನು ತಂತಿಗೆ ಅಂಟಿಸಿ, ನೀರಿನಲ್ಲಿರುವ ಮಾಲಿನ್ಯಕಾರಕಗಳನ್ನು ಹಿಡಿದರು. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಇಟ್ಟು, ಅದರ ಪುಟ್ಟ ಕೋಣೆಗಳನ್ನು ಸೆಲ್ ಎಂದು ಕರೆದದ್ದು ಇದೇ ಕಾರ್ಕನ್ನು ನೋಡಿ. ಆ ಕೋಣೆಗಳ ಗೋಡೆಯಲ್ಲಿ ಮೇಣದಂಥ ಸುಬೆರಿನ್ ಇದೆ, ನೀರನ್ನು ದೂರವಿಡುವ ಅಣುಗಳು ಅದಕ್ಕೆ ಒಲಿಯುತ್ತವೆ. ಮರಕ್ಕೆ ಗಡಸು ಕೊಡುವ ಲಿಗ್ನಿನ್‌ನ ಅಣುವಿನಲ್ಲಿರುವ ಕಾರ್ಬನ್ ಉಂಗುರಗಳು ಹಾರ್ಮೋನ್, ಔಷಧಗಳಲ್ಲಿರುವ ಅಂಥದ್ದೇ ಉಂಗುರಗಳನ್ನು ಸೆಳೆಯುತ್ತವೆ. ಕಾರ್ಖಾನೆ ಸಿಲಿಕಾಕ್ಕೆ ಕಟ್ಟಿಕೊಡುವ ಗುಣ ತೊಗಟೆಯಲ್ಲಿ ಹುಟ್ಟಿನಿಂದಲೇ ಇದೆ.

2019ರಲ್ಲಿ ಅರಾಕೇರಿಯಾ ಪೈನ್ ಸರದಿ. ಬೀಜ ತೆಗೆದ ಮೇಲೆ ಎಸೆಯುವ ಅದರ ಕಾಯಿಯ ಸಿಪ್ಪೆಯನ್ನು ಪುಡಿಮಾಡಿ ತೆಳುವಾಗಿ ಲೇಪಿಸಿ, 96 ಗುಳಿಗಳ ತಟ್ಟೆಯಲ್ಲಿದ್ದ ಮೂತ್ರದ ಮಾದರಿಗಳಿಂದ ಎಸ್ಟ್ರೋಜನ್ (ಎಸ್ಟ್ರಡಯಾಲ್‌ನ ಗುಂಪಿನ ಹಾರ್ಮೋನ್‌ಗಳು) ಹೊರತೆಗೆದರು. ಹತ್ತಾರು ಮಾದರಿ ಒಂದೇ ಸಲಕ್ಕೆ ಮುಗಿಯುತ್ತದೆ, ಕಾರ್ಟ್ರಿಜ್ ಬೇಕಿಲ್ಲ.

ಸಿ18 ಗೆದ್ದ ಜಾಗದಲ್ಲೇ ಸಿಪ್ಪೆ ಇನ್ನೂ ಪರೀಕ್ಷೆಗೆ ನಿಂತಿದೆ. ಮರದ ವಯಸ್ಸು, ಮಣ್ಣು, ಕೊಯ್ಲಿನ ಕಾಲ ಬದಲಾದರೆ ಸುಬೆರಿನ್, ಲಿಗ್ನಿನ್ ಪ್ರಮಾಣವೂ ಬದಲಾಗುತ್ತದೆ. ಸಸ್ಯದ ಪುಡಿ ಹೀರುವುದಷ್ಟೇ ಅಲ್ಲ, ತನ್ನದನ್ನು ಬಿಟ್ಟುಕೊಡುತ್ತದೆ ಕೂಡ. ಪಿಕೋಗ್ರಾಂ ಲೆಕ್ಕದ ಕೆಲಸದಲ್ಲಿ ಆ ಸೋರಿಕೆಯೇ ಸುಳ್ಳು ಫಲಿತಾಂಶವಾಗಬಹುದು. ಅದಕ್ಕೇ ಬಳಕೆಗೆ ಮುನ್ನ ನೀರು, ಮೆಥನಾಲ್‌ನಲ್ಲಿ ತೊಳೆದು, ಒಣಗಿಸಿ, ಒಂದೇ ಗಾತ್ರಕ್ಕೆ ಜರಡಿ ಹಿಡಿಯುತ್ತಾರೆ. ನಂತರ ಹಾರ್ಮೋನ್ ಇಲ್ಲದ ದ್ರವವನ್ನೇ ಮೊದಲು ಓಡಿಸಿ, ಎಸ್ಟ್ರಡಯಾಲ್ ಕಾಣಿಸಬೇಕಾದ ನಿಮಿಷದಲ್ಲಿ ಉಪಕರಣ ಬರೆಯುವ ಗೆರೆ ಸಪಾಟಾಗಿದೆಯೇ ಎಂದು ನೋಡುತ್ತಾರೆ. ಅಲ್ಲಿ ಚಿಕ್ಕದೊಂದು ಉಬ್ಬು ಕಂಡರೂ ಆ ಪುಡಿ ಮತ್ತೆ ತೊಳೆಯಲು ಹೋಗುತ್ತದೆ.